ಬೆಸುಗೆಯ ಬೆಳಕು ಮತ್ತು ಕುಟುಂಬದ ಕಣ್ಣುಗಳು

ಮಾನವನ ಜ್ಞಾನೇಂದ್ರಿಯಗಳಲ್ಲಿ ಕಣ್ಣಿಗೆ ಮೊದಲ ಸ್ಥಾನವಿದೆ. ಹೊಲದಲ್ಲಿ ಕಳೆ ಕೀಳುವ ಕೈಗೂ, ಸೂಜಿಗೆ ದಾರ ಪೋಣಿಸುವ ಬೆರಳಿಗೂ, ಸಂತೆ ಮುಗಿಸಿ ಮುಸ್ಸಂಜೆಯಲ್ಲಿ ಮನೆಗೆ ಮರಳುವ ಕಾಲಿಗೂ ದಾರಿ ತೋರಿಸುವುದು ಕಣ್ಣೇ. ದುಡಿಯುವ ಒಬ್ಬರ ಕಣ್ಣು ಕೆಟ್ಟರೆ ಇಡೀ ಸಂಸಾರದ ನಡಿಗೆಯೇ ತಡವರಿಸುತ್ತದೆ. ಆದುದರಿಂದ ಕಣ್ಣಿನ ರಕ್ಷಣೆಯು ಕುಟುಂಬ ಕಲ್ಯಾಣದ ಒಂದು ಅಂಗವಾಗಿದೆ.

ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಲ್ಲಿ ಆರಂಭವಾಯಿತು. ಕಣ್ಣಿನ ಪೊರೆ, 'ಎ' ಅನ್ನಾಂಗದ ಕೊರತೆ ಮೊದಲಾದವುಗಳ ವಿಷಯವಾಗಿ ಹಳ್ಳಿಯ ಜನರಿಗೆ ಅಂದಿನಿಂದ ಸಾಕಷ್ಟು ತಿಳಿವಳಿಕೆ ಬಂದಿದೆ. ಆದರೆ ಅದೇ ಕಾಲದಲ್ಲಿ ಹಳ್ಳಿಗಳಿಗೆ ಇನ್ನೊಂದು ಅಪಾಯವೂ ಸದ್ದಿಲ್ಲದೆ ಬಂದು ಸೇರಿದೆ. ಅದೇ ಕಬ್ಬಿಣವನ್ನು ಬೆಸೆಯುವ ವೆಲ್ಡಿಂಗ್ ಬೆಳಕು. ಈ ಬೆಳಕಿನಿಂದ ಕಣ್ಣಿಗೆ ಆಗುವ ಹಾನಿ ಯಾವುದು, ಅದು ಆದ ರಾತ್ರಿ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಕೂಡದು, ಅದು ಆಗದಂತೆ ತಡೆಯುವ ಬಗೆ ಹೇಗೆ ಎಂಬುದನ್ನು ದಂಪತಿಗಳಿಗೆ ತಿಳಿಸುವುದೇ ಈ ಪಾಠದ ಉದ್ದೇಶ.

1. ಹಳ್ಳಿಗೆ ಬಂದ ಹೊಸ ಬೆಳಕು

ಹಿಂದೆ ನೇಗಿಲಿನ ಗುಳ ಸವೆದರೆ ಕಮ್ಮಾರನ ಕುಲುಮೆಗೆ ಹೋಗುತ್ತಿತ್ತು. ಕುಲುಮೆಯ ಕೆಂಪು ಬೆಂಕಿ ಬಿಸಿಯಾಗಿರುತ್ತಿತ್ತು. ಬಿಸಿ ತಟ್ಟಿದೊಡನೆ ಮನುಷ್ಯ ತಾನಾಗಿಯೇ ದೂರ ಸರಿಯುತ್ತಿದ್ದ. ಇಂದು ಟ್ರ್ಯಾಕ್ಟರಿನ ಟ್ರೇಲರು, ಕಲ್ಟಿವೇಟರು, ಕೊಳವೆಬಾವಿಯ ಕೇಸಿಂಗ್ ಪೈಪು, ಮನೆಯ ಗೇಟು, ಕಿಟಕಿಯ ಸರಳು, ಕೊಟ್ಟಿಗೆಯ ತಗಡಿನ ಮಾಡು, ಇವೆಲ್ಲಕ್ಕೂ ವೆಲ್ಡಿಂಗ್ ಬೇಕು. ಬಸ್ಸು ನಿಲ್ಲುವ ಕಡೆ, ಶಾಲೆಯ ದಾರಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿಗಳು ತೆರೆದಿವೆ. ಕೆಲಸವು ಬಹುಪಾಲು ರಸ್ತೆಯ ಬದಿಯಲ್ಲಿ, ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ.

ಈ ಬೆಳಕಿನಲ್ಲಿ ಒಂದು ಮೋಸವಿದೆ. ನಾಲ್ಕು ಮಾರು ದೂರದಲ್ಲಿ ನಿಂತವರಿಗೆ ಅದರ ಬಿಸಿ ತಟ್ಟುವುದಿಲ್ಲ. ನೋಡುವಾಗ ಕಣ್ಣು ಕೋರೈಸುವುದಲ್ಲದೆ ನೋವಾಗುವುದಿಲ್ಲ. ಅಂದು ಸಂಜೆ ಮನೆಗೆ ಬಂದು ಉಣ್ಣುವವರೆಗೂ ಏನೂ ಆಗಿಲ್ಲವೆಂದೇ ತೋರುತ್ತದೆ. ನೋವು ಬರುವುದು ನಡುರಾತ್ರಿಯಲ್ಲಿ. ಆಗ ಅಂಗಡಿ ಮುಚ್ಚಿರುತ್ತದೆ, ಆಸ್ಪತ್ರೆ ದೂರವಿರುತ್ತದೆ, ಮನೆಯವರಿಗೆ ಕಾರಣ ಹೊಳೆಯುವುದಿಲ್ಲ. ಹೀಗಾಗಿ ಈ ತೊಂದರೆಯು ಹುಟ್ಟುವುದು ಅಂಗಡಿಯಲ್ಲಾದರೂ ಅದನ್ನು ಎದುರಿಸಬೇಕಾದವರು ಮನೆಯಲ್ಲಿರುವ ಗಂಡ ಹೆಂಡಿರೇ.

2. ಒಂದು ಮನೆಯ ಪ್ರಸಂಗ

ಒಂದು ಒಕ್ಕಲು ಮನೆಯನ್ನು ಊಹಿಸಿಕೊಳ್ಳೋಣ. ಸುಗ್ಗಿ ಹತ್ತಿರ ಬಂದಿದೆ. ಟ್ರೇಲರಿನ ಕೊಂಡಿ ಮುರಿದಿದೆ. ಯಜಮಾನನು ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಐದು ವರ್ಷದ ಮಗನೂ ಹಟ ಹಿಡಿದು ಜೊತೆಯಲ್ಲಿ ಹೋಗುತ್ತಾನೆ. ಕೆಲಸದವನು ಕೈಪರದೆ ಹಿಡಿದು ಬೆಸುಗೆ ಹಾಕುತ್ತಾನೆ. ಅಂದು ಅವನ ಸಹಾಯಕ ಬಂದಿಲ್ಲ. ಆದುದರಿಂದ ಯಜಮಾನನೇ ಕಬ್ಬಿಣದ ಪಟ್ಟಿಯನ್ನು ಅಲುಗದಂತೆ ಒತ್ತಿ ಹಿಡಿಯುತ್ತಾನೆ. ಮುಖ ತಿರುಗಿಸಿಕೊಂಡರೂ ಪಟ್ಟಿ ಸರಿಯಾಗಿ ಕುಳಿತಿದೆಯೇ ಎಂದು ಮತ್ತೆ ಮತ್ತೆ ಕಡೆಗಣ್ಣಿನಿಂದ ನೋಡುತ್ತಾನೆ. ಮಗನು ಒಂದು ಕಲ್ಲಿನ ಮೇಲೆ ಕುಳಿತು ಹಾರುವ ಕಿಡಿಗಳನ್ನು ಕಣ್ಣರಳಿಸಿ ನೋಡುತ್ತಾನೆ. ಮಧ್ಯಾಹ್ನ ಮೂರು ಗಂಟೆಗೆ ಕೆಲಸ ಮುಗಿಯುತ್ತದೆ.

ರಾತ್ರಿ ಹನ್ನೊಂದು ಗಂಟೆಗೆ ಯಜಮಾನನು ಎದ್ದು ಕೂರುತ್ತಾನೆ. ಕಣ್ಣಿನಲ್ಲಿ ಒಂದು ಹಿಡಿ ಮರಳು ಸುರಿದಂತೆ, ಮೆಣಸಿನಪುಡಿ ಬಿದ್ದಂತೆ ಉರಿ. ನೀರು ಧಾರಾಕಾರವಾಗಿ ಸುರಿಯುತ್ತದೆ. ರೆಪ್ಪೆ ತೆರೆಯಲಾಗುವುದಿಲ್ಲ. ದೀಪ ಹಾಕಿದೊಡನೆ ಚೂರಿಯಿಂದ ಇರಿದಂತಾಗುತ್ತದೆ. ಅಷ್ಟರಲ್ಲಿ ಮಗನೂ ಕಣ್ಣುಜ್ಜುತ್ತ ಅಳಲಾರಂಭಿಸುತ್ತಾನೆ.

"ಇಬ್ಬರಿಗೂ ದೃಷ್ಟಿ ತಾಗಿದೆ ಕಣಮ್ಮಾ," ಎನ್ನುತ್ತಾರೆ ಅತ್ತೆ. "ನಿವಾಳಿಸಿ ಹಾಕ್ತೀನಿ. ಪಕ್ಕದ ಮನೆ ಬಾಣಂತಿಯ ಹತ್ತಿರ ನಾಲ್ಕು ಹನಿ ಎದೆಹಾಲು ಇಸಕೊಂಡು ಬಾ, ಬಿಟ್ಟರೆ ತಂಪಾಗುತ್ತೆ."

ಸೊಸೆಗೆ ಮಧ್ಯಾಹ್ನದ ಸಂಗತಿ ನೆನಪಾಗುತ್ತದೆ. "ರೀ, ವೆಲ್ಡಿಂಗ್ ಬೆಳಕನ್ನು ನೀವಿಬ್ಬರೂ ನೋಡಿದಿರೇನು?" ಎಂದು ಕೇಳುತ್ತಾಳೆ. ಗಂಡ ಹೌದೆನ್ನುತ್ತಾನೆ. ಆಕೆ ಹೇಳುತ್ತಾಳೆ: "ಅತ್ತೆ, ನಿವಾಳಿಸುವುದಿದ್ದರೆ ನಿವಾಳಿಸಿ, ಬೇಡ ಅನ್ನಲ್ಲ. ಆದರೆ ಕಣ್ಣೊಳಗೆ ಮಾತ್ರ ಏನೂ ಹಾಕುವುದು ಬೇಡ. ದೀಪ ಆರಿಸಿ, ತಣ್ಣೀರಿನ ಬಟ್ಟೆ ಇಡೋಣ. ಬೆಳಗಾದ ಕೂಡಲೇ ಆಸ್ಪತ್ರೆಗೆ ಹೋಗೋಣ."

ಈ ಗೃಹಿಣಿಯು ಮಾಡಿದುದು ಸರಿ. ಅತ್ತೆಯವರ ಪ್ರೀತಿಯೂ ಸುಳ್ಳಲ್ಲ. ಆದರೆ ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಸೇರಿದಾಗ ಮಾತ್ರ ಕಣ್ಣು ಉಳಿಯುತ್ತದೆ.

3. ಕಣ್ಣಿಗೆ ಆದುದೇನು?

ವಿದ್ಯುತ್ ಬೆಸುಗೆಯಲ್ಲಿ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ವಿದ್ಯುತ್ತು ಗಾಳಿಯಲ್ಲಿ ಜಿಗಿದು ಹರಿಯುತ್ತದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಬೆಸುಗೆಯ ಜ್ವಾಲೆಯ ಶಾಖವು ಅದಕ್ಕಿಂತಲೂ ಬಹಳ ಹೆಚ್ಚು. ಅಷ್ಟು ಬಿಸಿಯಾದ ವಸ್ತುವಿನಿಂದ ಮೂರು ಬಗೆಯ ಕಿರಣಗಳು ಹೊರಡುತ್ತವೆ. ಒಂದು, ನಮಗೆ ಕಾಣುವ ಬೆಳ್ಳನೆಯ ಬೆಳಕು. ಎರಡು, ಶಾಖ ಕೊಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣ. ಮೂರು, ಕಣ್ಣಿಗೂ ಕಾಣದ, ಚರ್ಮಕ್ಕೂ ಬಿಸಿ ತಟ್ಟದ ಅತಿನೇರಳೆ ಕಿರಣ. ಆ ರಾತ್ರಿಯ ನೋವಿಗೆ ಕಾರಣ ಈ ಮೂರನೆಯದು.

ಕಣ್ಣಿನ ಕರಿಗುಡ್ಡೆಯ ಮುಂದೆ, ಗಡಿಯಾರದ ಮುಖದ ಮೇಲೆ ಗಾಜು ಇರುವಂತೆ, ಕಾರ್ನಿಯಾ ಎಂಬ ಪಾರದರ್ಶಕ ಪಟಲವಿದೆ. ಅದರ ಹೊರಮೈಯಲ್ಲಿ ಬಹಳ ತೆಳುವಾದ ಒಂದು ಪದರವಿದೆ. ಅತಿನೇರಳೆ ಕಿರಣವು ಈ ಪದರದ ಜೀವಕೋಶಗಳನ್ನು ಸುಡುತ್ತದೆ. ಸುಟ್ಟ ಕೋಶಗಳು ಒಡನೆಯೇ ಉದುರುವುದಿಲ್ಲ. ಕೆಲವು ಗಂಟೆಗಳ ನಂತರ ಉದುರುತ್ತವೆ. ಆಗ ಅದರ ಅಡಿಯಲ್ಲಿರುವ ಸೂಕ್ಷ್ಮವಾದ ನರಗಳ ತುದಿಗಳು ಬಯಲಾಗುತ್ತವೆ. ರೆಪ್ಪೆ ಮಿಟುಕಿದಾಗಲೆಲ್ಲ ಅವು ಉಜ್ಜಿ ಮರಳು ಬಿದ್ದಂತೆ ಅನ್ನಿಸುತ್ತದೆ. ಸಾಮಾನ್ಯವಾಗಿ ಬೆಳಕು ಬಿದ್ದ 6ರಿಂದ 12 ಗಂಟೆಗಳ ಬಳಿಕ ನೋವು ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಹಿಮದ ಮೇಲೆ ಬಿಸಿಲಿನಲ್ಲಿ ಕಪ್ಪು ಕನ್ನಡಕವಿಲ್ಲದೆ ನಡೆಯುವವರಿಗೆ ತಗಲುವ ಹಿಮಕುರುಡೂ ಇದೇ ಜಾತಿಯ ತೊಂದರೆ.

ಸಂತೋಷದ ಸಂಗತಿಯೆಂದರೆ ಕಾರ್ನಿಯಾದ ಈ ಹೊರಪದರವು ಬೇಗ ಮರಳಿ ಬೆಳೆಯುತ್ತದೆ. ಅದಕ್ಕೆ ಅಡ್ಡಿ ಮಾಡದಿದ್ದರೆ ಒಂದೆರಡು ದಿನಗಳಲ್ಲಿ, ಹೆಚ್ಚೆಂದರೆ ಮೂರು ದಿನಗಳಲ್ಲಿ ನೋವು ಹೋಗಿ ಕಣ್ಣು ತಿಳಿಯಾಗುತ್ತದೆ. ಅನೇಕರ ಕಣ್ಣು ಕೆಡುವುದು ಬೆಳಕಿನಿಂದಲ್ಲ. ಆ ರಾತ್ರಿ ನೋವು ತಾಳಲಾರದೆ ಕಣ್ಣಿಗೆ ಹಾಕಿದ ಮದ್ದಿನಿಂದ.

4. ಆ ರಾತ್ರಿ ಮಾಡಬೇಕಾದುದು

ಮೊದಲು ಧೈರ್ಯ ಹೇಳಿ. ಕಣ್ಣು ತೆರೆಯಲಾಗದವನು ತಾನು ಕುರುಡನಾದೆನೆಂದೇ ಹೆದರುತ್ತಾನೆ. ಇದು ಗುಣವಾಗುವ ನೋವೆಂದು ತಿಳಿದರೆ ಅರ್ಧ ಸಂಕಟ ಕಡಿಮೆಯಾಗುತ್ತದೆ.

ದೀಪ ಆರಿಸಿ, ಕತ್ತಲೆಯ ಕೋಣೆಯಲ್ಲಿ ಮಲಗಿಸಿ. ಕಾಯಿಸಿ ಆರಿಸಿದ ತಣ್ಣೀರಿನಲ್ಲಿ ಒಗೆದ ಬಟ್ಟೆಯನ್ನು ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ ಇಡಿ. ಬಿಸಿಯಾದಾಗ ಮತ್ತೆ ಅದ್ದಿ ಇಡಿ. ಒಬ್ಬೊಬ್ಬರಿಗೂ ಬೇರೆ ಬಟ್ಟೆ ಇರಲಿ. ಕಣ್ಣನ್ನು ಉಜ್ಜಲು ಬಿಡಬೇಡಿ. ಚಿಕ್ಕ ಮಕ್ಕಳ ಕೈಗಳನ್ನು ಮೆಲ್ಲನೆ ಹಿಡಿದುಕೊಂಡು ಸಂತೈಸಿ.

ನೋವು ಬಹಳವಿದ್ದರೆ ದೊಡ್ಡವರು ಪ್ಯಾರಸಿಟಮಾಲ್ ಮಾತ್ರೆಯನ್ನು ಚೀಟಿಯಲ್ಲಿ ಹೇಳಿದ ಪ್ರಮಾಣವನ್ನು ಮೀರದಂತೆ ನುಂಗಬಹುದು. ಮಕ್ಕಳಿಗೆ ತೂಕಕ್ಕೆ ತಕ್ಕಷ್ಟು ಮಾತ್ರ ಕೊಡಬೇಕಾದುದರಿಂದ ಆರೋಗ್ಯ ಸಹಾಯಕಿಯನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ಕೊಡಿ.

ಬೆಳಗಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ನೋವಿರುವವನು ತಾನೇ ಸೈಕಲ್ಲು, ಬೈಕು ನಡೆಸಕೂಡದು. ಅಲ್ಲಿ ವೈದ್ಯರು ಬಣ್ಣದ ಔಷಧಿಯ ಒಂದು ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕಾರ್ನಿಯಾ ಸುಟ್ಟಿರುವ ಜಾಗಗಳು ಹಸುರು ಚುಕ್ಕೆಗಳಾಗಿ ಕಾಣುತ್ತವೆ. ಸೋಂಕು ತಗಲದಿರಲು ಮುಲಾಮು ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ವೆಲ್ಡಿಂಗ್ ಬೆಳಕು ನೋಡಿದ ಸಂಗತಿಯನ್ನು, ಎಷ್ಟು ಹೊತ್ತು, ಎಷ್ಟು ದೂರದಿಂದ ನೋಡಿದಿರೆಂಬುದನ್ನು ಮರೆಮಾಚದೆ ಹೇಳಿ.

5. ಎಂದಿಗೂ ಮಾಡಕೂಡದುದು

ತಾಯಿಯ ಎದೆಹಾಲು ಮಗುವಿನ ಹೊಟ್ಟೆಗೆ ಅಮೃತ. ಗಾಯವಾದ ಕಣ್ಣಿಗೆ ಅದು ಔಷಧಿಯಲ್ಲ. ಹಾಲಿನಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುತ್ತವೆ. ಹರಳೆಣ್ಣೆ, ಜೇನುತುಪ್ಪ, ಈರುಳ್ಳಿ ರಸ, ನಂದಿಬಟ್ಟಲ ಹೂವಿನ ರಸ, ಯಾವುದೇ ಸೊಪ್ಪಿನ ರಸ, ಇವೂ ಹಾಗೆಯೇ. ಹಸಿ ಸೊಪ್ಪಿನಲ್ಲಿ, ಮಣ್ಣಿನಲ್ಲಿ ಬೂಷ್ಟಿನ ಜಾತಿಯ ಶಿಲೀಂಧ್ರಗಳಿರುತ್ತವೆ. ಹೊರಪದರ ಕಳೆದುಕೊಂಡ ಕಾರ್ನಿಯಾದಲ್ಲಿ ಅವು ಬೇರೂರಿದರೆ ಹುಣ್ಣಾಗುತ್ತದೆ. ಆ ಹುಣ್ಣು ಮಾಗಿದ ಮೇಲೂ ಬಿಳಿಯ ಕಲೆ ಉಳಿದು ದೃಷ್ಟಿ ಹೋಗಬಹುದು. ಎರಡು ದಿನಗಳಲ್ಲಿ ತಾನಾಗಿ ಗುಣವಾಗುತ್ತಿದ್ದುದು ಬಾಳಿನುದ್ದದ ಕುರುಡಾಗುವುದು ಹೀಗೆ.

ಕೆಲಸಗಾರರು ಹಸಿ ಆಲೂಗಡ್ಡೆಯ ಹೋಳುಗಳನ್ನು ಕಣ್ಣ ಮೇಲೆ ಕಟ್ಟಿಕೊಳ್ಳುವುದುಂಟು. ಅದರಿಂದ ದೊರೆಯುವುದು ತಂಪು ಮಾತ್ರ. ಆ ತಂಪನ್ನು ಶುಚಿಯಾದ ಒದ್ದೆ ಬಟ್ಟೆಯೇ ಕೊಡುತ್ತದೆ. ಅದರಲ್ಲಿ ಮಣ್ಣಿನ ಭಯವಿಲ್ಲ.

ಔಷಧಿ ಅಂಗಡಿಯ ಹನಿಗಳ ವಿಷಯದಲ್ಲಿಯೂ ಎಚ್ಚರವಿರಲಿ. ಕಣ್ಣನ್ನು ಜೋಮು ಹಿಡಿಸುವ ಹನಿಗಳಿವೆ. ಒಂದು ಹನಿ ಬಿದ್ದೊಡನೆ ನೋವು ಮಾಯವಾಗುತ್ತದೆ; ಆದುದರಿಂದ ಕೆಲವರು ಅದನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಪರೀಕ್ಷೆಗಾಗಿ ಒಮ್ಮೆ ಹಾಕುವುದು ಬೇರೆ, ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಳ್ಳುವುದು ಬೇರೆ. ಪದೇಪದೇ ಹಾಕಿದರೆ ಕಾರ್ನಿಯಾ ಮಾಯುವುದು ನಿಂತು, ಕರಗಿ, ತೂತು ಬೀಳುವುದೂ ಉಂಟು. ಸ್ಟೀರಾಯ್ಡ್ ಬೆರೆತ ಹನಿಗಳು ಕೆಂಪನ್ನು ಬೇಗ ಇಳಿಸುತ್ತವೆ. ಆದರೆ ಶಿಲೀಂಧ್ರದ ಸೋಂಕು ಇದ್ದರೆ ಅದನ್ನು ಉಲ್ಬಣಗೊಳಿಸುತ್ತವೆ. ಬಹುಕಾಲ ಹಾಕಿದರೆ ಕಣ್ಣಿನ ಒಳಗಿನ ಒತ್ತಡವನ್ನೂ ಏರಿಸುತ್ತವೆ. ಆದುದರಿಂದ ವೈದ್ಯರ ಚೀಟಿಯಿಲ್ಲದೆ ಯಾವ ಹನಿಯನ್ನೂ ಕೊಳ್ಳಬೇಡಿ. ಹಿಂದೆ ಯಾರಿಗೋ ತಂದು ಉಳಿದ ಹನಿಯನ್ನು ಬಳಸಬೇಡಿ.

6. ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳು

ಬೆಳಕಿನಿಂದ ಆದ ನೋವು ಸಾಮಾನ್ಯವಾಗಿ ಎರಡೂ ಕಣ್ಣುಗಳಲ್ಲಿರುತ್ತದೆ. ಒಂದೇ ಕಣ್ಣು ನೋಯುತ್ತಿದ್ದರೆ ಅದರೊಳಗೆ ಕಬ್ಬಿಣದ ಕಣ ಸಿಕ್ಕಿಕೊಂಡಿರಬಹುದೆಂದು ಸಂಶಯಪಡಬೇಕು. ಬೆಸುಗೆಯ ಮೇಲಿನ ಚಕ್ಕೆಯನ್ನು ಸುತ್ತಿಗೆಯಿಂದ ಕೆಡವುವಾಗ, ಗ್ರೈಂಡಿಂಗ್ ಯಂತ್ರದಿಂದ ಉಜ್ಜುವಾಗ ಇಂತಹ ಕಣಗಳು ಸಿಡಿಯುತ್ತವೆ. ಕಾರ್ನಿಯಾದಲ್ಲಿ ಉಳಿದ ಕಬ್ಬಿಣದ ಕಣವು ತನ್ನ ಸುತ್ತ ತುಕ್ಕಿನ ಉಂಗುರ ಬಿಡುತ್ತದೆ. ಅದನ್ನು ಬಟ್ಟೆಯ ತುದಿಯಿಂದಾಗಲಿ, ಬೆಂಕಿಕಡ್ಡಿಯಿಂದಾಗಲಿ, ಜೊತೆಗಾರನ ನಾಲಗೆಯಿಂದಾಗಲಿ ತೆಗೆಸಿಕೊಳ್ಳಕೂಡದು.

ಚೂರು ವೇಗವಾಗಿ ಬಂದು ಕಣ್ಣಿನೊಳಗೆ ಹೊಕ್ಕಿದ್ದರೆ ಅದನ್ನು ಕೀಳಬೇಡಿ, ಒತ್ತಬೇಡಿ, ನೀರು ಎರಚಬೇಡಿ. ಶುಚಿಯಾದ ಒಂದು ಚಿಕ್ಕ ಬಟ್ಟಲನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಬೋರಲಿಟ್ಟು ಸಡಿಲವಾಗಿ ಕಟ್ಟಿ, ಕೂಡಲೇ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೊರಡಿ. ಬೆಳಗಿನವರೆಗೆ ಕಾಯುವ ಸಮಯ ಅದಲ್ಲ.

ಇದಲ್ಲದೆ, ನೋವು ಒಂದು ದಿನವಾದರೂ ತಗ್ಗದೆ ಹೆಚ್ಚುತ್ತಿದ್ದರೆ, ಕೀವು ಬಂದರೆ, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಂಡರೆ, ಅಥವಾ ನೋವು ಹೋದ ಮೇಲೂ ದೃಷ್ಟಿ ಮಸುಕಾಗಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಲೇಬೇಕು.

7. ನೋವಿಲ್ಲದ ಹಾನಿ

ಇನ್ನೊಂದು ಹಾನಿಯಿದೆ, ಅದು ನೋಯುವುದೇ ಇಲ್ಲ. ಕಣ್ಣಿನ ಹಿಂಭಾಗದಲ್ಲಿ, ಚಿತ್ರ ಮೂಡುವ ರೆಟಿನಾ ಎಂಬ ಪದರವಿದೆ. ಪ್ರಖರ ಬೆಳಕನ್ನು ನೆಟ್ಟ ನೋಟದಿಂದ ನೋಡಿದಾಗ ಕಣ್ಣಿನ ಮಸೂರವು ಆ ಬೆಳಕನ್ನು ರೆಟಿನಾದ ನಡುವಿನ ಒಂದು ಚುಕ್ಕೆಯ ಮೇಲೆ ಕೂಡಿಸುತ್ತದೆ. ಓದಲು, ಮುಖದ ಗುರುತು ಹಿಡಿಯಲು ನಮಗೆ ಬೇಕಾದುದು ಆ ಚುಕ್ಕೆಯೇ. ಅಲ್ಲಿ ನೋವು ತಿಳಿಸುವ ನರಗಳಿಲ್ಲ. ಆದುದರಿಂದ ಸುಟ್ಟರೂ ತಿಳಿಯದು. ನೋಟದ ನಡುವೆ ಮಬ್ಬಾದ ಮಚ್ಚೆ ನಿಂತಾಗಲೇ ತಿಳಿಯುತ್ತದೆ. ಕೆಲವರಲ್ಲಿ ಅದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ.

ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದೆಂಬುದಕ್ಕೂ ಇದೇ ಕಾರಣ. 1980ನೆಯ ಇಸವಿ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ರಾಜ್ಯದ ಉತ್ತರ ಭಾಗದ ಮೇಲೆ ಹಾದುಹೋದಾಗ ಎಷ್ಟೋ ಮನೆಗಳಲ್ಲಿ ಕದ ಹಾಕಿಕೊಂಡು ಮಕ್ಕಳನ್ನು ಒಳಗೆ ಕೂರಿಸಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಗ್ರಹಣವು ಅಪರೂಪಕ್ಕೊಮ್ಮೆ ಬರತಕ್ಕದ್ದು. ಬೀದಿಯ ವೆಲ್ಡಿಂಗ್ ಬೆಳಕು ದಿನವೂ ಇರತಕ್ಕದ್ದು. ಅಂದು ಮಕ್ಕಳ ಮೇಲಿಟ್ಟ ನಿಗಾ ಇಂದು ಬೀದಿಯಲ್ಲಿಯೂ ಇರಬೇಡವೇ?

ಮನೆಯಲ್ಲಿಯೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ನೋವು ಹೋದ ನಂತರ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಕಿಟಕಿಯ ನೆಟ್ಟನೆಯ ಸರಳುಗಳನ್ನು ನೋಡಬೇಕು. ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಬೇಕು. ಹಾಗೆಯೇ ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಸರಳು ಬಾಗಿದಂತೆ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ, ಅಂಕಿ ಮಸುಕಾದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಬಿಡುತ್ತದೆ.

ವರ್ಷಗಟ್ಟಲೆ ರಕ್ಷಣೆಯಿಲ್ಲದೆ ಈ ಬೆಳಕಿನಲ್ಲಿ ದುಡಿಯುವವರಿಗೆ ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಕಡೆಗೆ ಮಾಂಸದ ಎಳೆ ಬೆಳೆಯಬಹುದು. ವೆಲ್ಡಿಂಗಿನ ಹೊಗೆ ಮತ್ತು ಅದರ ಅತಿನೇರಳೆ ಕಿರಣ ಎರಡೂ ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ವಿಂಗಡಿಸಿದೆ. ಹೆದರಿ ಕಸುಬು ಬಿಡಬೇಕೆಂದು ಇದರ ಅರ್ಥವಲ್ಲ. ರಕ್ಷಣೆಯಿಲ್ಲದೆ ಕಸುಬು ಮಾಡಬಾರದೆಂದು ಅರ್ಥ.

8. ತಡೆಯುವ ಬಗೆ

ಬೆಸುಗೆ ಮಾಡುವವರಿಗೆ: ವಿದ್ಯುತ್ ಬೆಸುಗೆಗೆ ಕೈಪರದೆ ಅಥವಾ ತಲೆಗೆ ತೊಡುವ ಮುಖವಾಡ ಬೇಕೇಬೇಕು. ಅದರ ಕರಿಗಾಜಿನ ಮೇಲೆ ಛಾಯೆಯ ಅಂಕಿ ಇರುತ್ತದೆ. ಹಳ್ಳಿಯ ಅಂಗಡಿಗಳಲ್ಲಿ ನಡೆಯುವ ಸಾಮಾನ್ಯ ರಾಡಿನ ಕೆಲಸಕ್ಕೆ 10ರಿಂದ 12ನೆಯ ಅಂಕಿಯ ಗಾಜು ತಕ್ಕುದು. ಆಂಪಿಯರ್ ಹೆಚ್ಚಿದಂತೆ ಅಂಕಿಯೂ ಹೆಚ್ಚಬೇಕು. ಗ್ಯಾಸ್ ಬೆಸುಗೆಗೆ 5 ಅಥವಾ 6ನೆಯ ಅಂಕಿಯ ಗಾಜು ಸಾಮಾನ್ಯವಾಗಿ ಸಾಕು. ಆದರೆ ಗ್ಯಾಸ್ ಕೆಲಸದ ಕನ್ನಡಕವನ್ನು ತೊಟ್ಟು ವಿದ್ಯುತ್ ಬೆಸುಗೆ ಮಾಡಕೂಡದು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಬದಲಾಯಿಸಬೇಕು. ಕೈಪರದೆಯು ಸಾಮಾನ್ಯವಾಗಿ ಒಂದು ದಿನದ ಕೂಲಿಯೊಳಗೆ ದೊರೆಯುವ ವಸ್ತು. ಚಕ್ಕೆ ಕೆಡವುವಾಗ, ಗ್ರೈಂಡಿಂಗ್ ಮಾಡುವಾಗ ತಿಳಿಗಾಜಿನ ರಕ್ಷಣಾ ಕನ್ನಡಕವಿರಲಿ. ತುಂಬುತೋಳಿನ ದಪ್ಪ ಹತ್ತಿ ಬಟ್ಟೆ ತೊಡಿ. ಈ ಕಿರಣವು ಕೊರಳು, ಮುಂಗೈಗಳ ಚರ್ಮವನ್ನೂ ಬಿಸಿಲಿನಂತೆ ಸುಡುತ್ತದೆ.

ಸಾಧಾರಣ ಕಪ್ಪು ಕನ್ನಡಕ ಇದಕ್ಕೆ ಸಾಲದು. ಎರಡು ಕನ್ನಡಕಗಳನ್ನು ಒಂದರ ಮೇಲೊಂದು ತೊಟ್ಟರೂ ಸಾಲದು. ಎಕ್ಸ್-ರೇ ಹಾಳೆ, ಮಸಿ ಹಿಡಿಸಿದ ಗಾಜು, ಕಣ್ಣಿಗೆ ಅಡ್ಡವಾಗಿ ಹಿಡಿದ ಬೆರಳುಗಳು ಯಾವುವೂ ರಕ್ಷಣೆಯಲ್ಲ.

ಸಹಾಯಕರಿಗೆ: ಪಟ್ಟಿ ಹಿಡಿಯುವವನಿಗೂ ಕೆಲಸಗಾರನಿಗೆ ಇರುವಂತಹುದೇ ಪರದೆ ಬೇಕು. ಮುಖ ತಿರುಗಿಸಿದರೆ ಸಾಕೆಂಬುದು ತಪ್ಪು. ಸುಣ್ಣ ಬಳಿದ ಗೋಡೆ, ಹೊಳೆಯುವ ತಗಡು, ಇವುಗಳಿಗೆ ಬಡಿದ ಕಿರಣವು ಹಿಂದಿನಿಂದಲೂ ಪಕ್ಕದಿಂದಲೂ ಕಣ್ಣಿಗೆ ಬರುತ್ತದೆ. ಒಂದು ಕ್ಷಣದ ಮಿಂಚು ಏನು ಮಹಾ ಎನ್ನಬೇಡಿ. ಒಂದು ದಿನದಲ್ಲಿ ಬಿದ್ದ ಮಿಂಚುಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. ಹಿಡಿಯಲು ಆಳಿನ ಬದಲು ಕಬ್ಬಿಣದ ಶಿಕಂಜವನ್ನು ಬಳಸುವುದು ಇನ್ನೂ ಉತ್ತಮ.

ಕೆಲಸ ಮಾಡಿಸುವವರಿಗೆ ಮತ್ತು ದಾರಿಹೋಕರಿಗೆ: ದೂರವೇ ಬಡವನ ರಕ್ಷಣೆ. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಕಣ್ಣಿಗೆ ಬೀಳುವ ಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಮೀಟರಿಗೆ ಸರಿದರೆ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೂರ ಸರಿದು, ಬೆನ್ನು ತಿರುಗಿಸಿ ನಿಲ್ಲಿ. ಕೊಟ್ಟ ಕೆಲಸ ಮುಗಿದ ಮೇಲೆ ಹೋಗಿ ನೋಡಿದರೆ ಏನೂ ನಷ್ಟವಿಲ್ಲ.

ಅಂಗಡಿಯವರಿಗೆ: ರಸ್ತೆಯ ಕಡೆಗೆ ಬೆಂಕಿ ಹತ್ತದ ದಪ್ಪ ಪರದೆಯನ್ನು ಅಥವಾ ತಗಡಿನ ಮರೆಯನ್ನು ಆಳೆತ್ತರಕ್ಕಿಂತ ಮೇಲಕ್ಕೆ ನಿಲ್ಲಿಸಬೇಕು, ಹೊಗೆ ಹೊರಹೋಗಲು ಗಾಳಿಗೆ ದಾರಿ ಬಿಡಬೇಕು. ಒಳಗೋಡೆಗೆ ಹೊಳಪಿಲ್ಲದ ಬಣ್ಣ ಬಳಿಯಬೇಕು. ರಾಡು ತಾಗಿಸುವ ಮೊದಲು "ಕಣ್ಣು!" ಎಂದು ಕೂಗಿ ಹೇಳುವ ಅಭ್ಯಾಸ ಬಹಳ ಒಳ್ಳೆಯದು. ಹೆಚ್ಚಿನ ಬೆಳಕಿನಿಂದ ಕೆಲಸಗಾರನ ಕಣ್ಣನ್ನು ಪರದೆ ಅಥವಾ ಕನ್ನಡಕದಿಂದ ಕಾಪಾಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 35ನೆಯ ಕಲಮಿನಲ್ಲಿಯೇ ವಿಧಿಸಲಾಗಿತ್ತು. ಎರಡಾಳಿನ ಚಿಕ್ಕ ಅಂಗಡಿಗೆ ಪರೀಕ್ಷಕರು ಬಾರದಿರಬಹುದು; ಆದರೆ ಅಲ್ಲಿಯ ಬೆಳಕು ದೊಡ್ಡ ಕಾರ್ಖಾನೆಯ ಬೆಳಕಿಗಿಂತ ಸೌಮ್ಯವೇನೂ ಅಲ್ಲ.

9. ಮಕ್ಕಳ ವಿಷಯ

ಮಕ್ಕಳ ಕಣ್ಣಿನ ಮಸೂರವು ದೊಡ್ಡವರದಕ್ಕಿಂತ ತಿಳಿಯಾಗಿರುತ್ತದೆ. ಆದುದರಿಂದ ಹಾನಿಕರ ಕಿರಣವು ಅವರ ಕಣ್ಣಿನಲ್ಲಿ ಹೆಚ್ಚು ಒಳಕ್ಕೆ ಇಳಿಯುತ್ತದೆ. ಅವರ ಕುತೂಹಲವೂ ಹೆಚ್ಚು. ಕಿಡಿಗಳನ್ನು ದೀಪಾವಳಿಯ ಸುರುಸುರು ಬತ್ತಿಯೆಂದೇ ತಿಳಿಯುತ್ತಾರೆ. ಬರಿದೆ ಗದರಿಸಿದರೆ ಮರೆಯಲ್ಲಿ ನಿಂತು ನೋಡುತ್ತಾರೆ. "ಅದನ್ನು ನೋಡಿದರೆ ಈಗ ಏನೂ ಆಗದು, ರಾತ್ರಿ ಕಣ್ಣು ಉರಿಯುತ್ತದೆ" ಎಂದು ಕಾರಣವನ್ನು ವಿವರಿಸಿ ಹೇಳಬೇಕು. ಕಂಕುಳ ಕೂಸನ್ನು ಅಂಗಡಿಯ ಎದುರು ಎತ್ತಿಕೊಂಡು ನಿಲ್ಲಬಾರದು. ಕೂಸು ಬೆಳಕಿನ ಕಡೆಗೇ ಮುಖ ಮಾಡುತ್ತದೆ. ಗರ್ಭಿಣಿಯರು ಹೊಗೆಯಿಂದಲೂ ದೂರವಿರುವುದು ಒಳ್ಳೆಯದು. ಮನೆಯ ಅಂಗಳದಲ್ಲಿಯೇ ಗೇಟು, ಕಿಟಕಿ ಬೆಸೆಯುವ ದಿನ ಮಕ್ಕಳನ್ನು ಹಿತ್ತಲಿಗೋ ನೆರೆಮನೆಗೋ ಕಳುಹಿಸಿ, ಆ ಕಡೆಯ ಬಾಗಿಲು ಮುಚ್ಚಬೇಕು.

10. ದಂಪತಿಗಳು ಕೂಡಿ ನಿರ್ಧರಿಸಬೇಕಾದುದು

ವೆಲ್ಡಿಂಗ್ ಕಲಿತ ಮಗ ಮನೆಯಲ್ಲಿದ್ದರೆ ಅವನ ದುಡಿಮೆಯ ಮೊದಲ ಹಣದಲ್ಲಿ ಏನು ಕೊಳ್ಳಬೇಕೆಂಬ ಮಾತು ಬರುತ್ತದೆ. ಆಗ ಪರದೆ ಮತ್ತು ಗಾಜು ಮೊದಲು ಎಂದು ತಂದೆತಾಯಿಗಳು ಹೇಳಬೇಕು. ಗಂಡನು ಆ ಕಸುಬಿನವನಾಗಿದ್ದರೆ ಅವನ ಗಾಜಿನಲ್ಲಿ ಬಿರುಕಿದೆಯೇ ಎಂದು ವಾರಕ್ಕೊಮ್ಮೆ ನೋಡುವುದು ಹೆಂಡತಿಯ ಹಕ್ಕು. ಅದಕ್ಕೆ ಅವನು ಬೇಸರಪಡಕೂಡದು. ಹೆಂಡತಿಯೇ ಅಂಗಡಿಯಲ್ಲಿ ಕೈ ನೆರವಾಗುವುದಿದ್ದರೆ ಆಕೆಗೂ ಬೇರೆಯೇ ಒಂದು ಪರದೆ ಇರಬೇಕು. ಇಬ್ಬರಿಗೆ ಒಂದು ಎಂಬುದು ಉಳಿತಾಯವಲ್ಲ. ಗಂಡಸು ಇದಕ್ಕೆಲ್ಲ ಹೆದರಬಾರದೆಂದು ಬೀದಿಯಲ್ಲಿ ಯಾರಾದರೂ ನಕ್ಕರೆ ನಗಲಿ. ರಾತ್ರಿ ಒದ್ದೆ ಬಟ್ಟೆ ಹಿಡಿದು ಎಚ್ಚರವಾಗಿರುವವರು ಮನೆಯವರೇ ಹೊರತು ನಕ್ಕವರಲ್ಲ.

ನೆನಪಿನಲ್ಲಿಡಿ

• ಬೆಳಕು ಬಿದ್ದಾಗ ನೋವಿಲ್ಲ. 6ರಿಂದ 12 ಗಂಟೆಗಳ ಬಳಿಕ ನೋವು.
• ಕತ್ತಲೆಯ ಕೋಣೆ, ತಣ್ಣೀರಿನ ಬಟ್ಟೆ, ಬೆಳಗ್ಗೆ ಆಸ್ಪತ್ರೆ.
• ಎದೆಹಾಲು, ಎಣ್ಣೆ, ಸೊಪ್ಪಿನ ರಸ, ಚೀಟಿಯಿಲ್ಲದ ಹನಿ ಕಣ್ಣಿಗೆ ಬೇಡ.
• ಒಂದೇ ಕಣ್ಣು ನೋಯುತ್ತಿದ್ದರೆ ಕಬ್ಬಿಣದ ಕಣವಿರಬಹುದು; ತಡಮಾಡಬೇಡಿ.
• ಮಾಡುವವನಿಗೆ ಪರದೆ, ಹಿಡಿಯುವವನಿಗೆ ಪರದೆ, ನೋಡುವವನಿಗೆ ದೂರ.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ವೆಲ್ಡಿಂಗ್ ಅಂಗಡಿಯಿದೆಯೇ? ಅಲ್ಲಿ ರಸ್ತೆಯ ಕಡೆಗೆ ಮರೆಯಿದೆಯೇ? ಇಲ್ಲದಿದ್ದರೆ ಅಂಗಡಿಯವರಿಗೆ ಸ್ನೇಹದಿಂದ ಹೇಳುವವರು ಯಾರು?
2. ಕಳೆದ ಬಾರಿ ಕಣ್ಣು ನೊಂದಾಗ ನಾವು ಏನು ಹಾಕಿದೆವು? ಮುಂದಿನ ಸಲ ಏನು ಮಾಡುವೆವು?
3. ಕಣ್ಣಿನ ವೈದ್ಯರಿರುವ ಹತ್ತಿರದ ಆಸ್ಪತ್ರೆ ಯಾವುದು? ಅಲ್ಲಿಗೆ ರಾತ್ರಿ ಹೋಗುವ ದಾರಿ ಹೇಗೆ?

ಈ ಮೂರು ಪ್ರಶ್ನೆಗಳಿಗೆ ಗಂಡ ಹೆಂಡಿರಿಬ್ಬರೂ ಇಂದೇ ಕುಳಿತು ಉತ್ತರ ಕಂಡುಕೊಳ್ಳಲಿ. ಮನೆಯ ಹಿರಿಯರನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಲಿ. ನಡುರಾತ್ರಿಯಲ್ಲಿ ಮೊದಲು ಎದ್ದು ಬರುವವರು ಅವರೇ.